ಮನೆಯ ತಾರಸಿಯ ಮೇಲೆ ಸೋಲಾರ್ ಪ್ಯಾನೆಲ್: ಜಾಗದ ಆಯ್ಕೆ ಮತ್ತು ಭದ್ರವಾದ ಜೋಡಣೆ

ಮನೆಗೆ ಸೋಲಾರ್ ಹಾಕಿಸುವ ಮಾತು ಬಂದಾಗ ಮೊದಲು ಚರ್ಚೆಗೆ ಬರುವುದು ಪ್ಯಾನೆಲ್ಲಿನ ಕಂಪನಿ, ಇನ್ವರ್ಟರಿನ ವಾರಂಟಿ ಮತ್ತು ಸಬ್ಸಿಡಿಯ ಮೊತ್ತ. 2024ರ ಫೆಬ್ರವರಿಯಲ್ಲಿ ಪಿ.ಎಂ. ಸೂರ್ಯಘರ್ ಯೋಜನೆ ಆರಂಭವಾಗಿ, 3 ಕಿಲೋವ್ಯಾಟಿನ ಘಟಕಕ್ಕೆ 78,000 ರೂಪಾಯಿ ಕೇಂದ್ರದ ಸಹಾಯಧನ ದೊರೆಯತೊಡಗಿದ ಮೇಲೆ ಊರೂರಿನ ತಾರಸಿಗಳಲ್ಲಿ ಪ್ಯಾನೆಲ್ಲುಗಳು ಕಾಣಿಸುತ್ತಿವೆ. ಆದರೆ ಅವುಗಳನ್ನು 25 ವರ್ಷ ಹೊತ್ತು ನಿಲ್ಲಬೇಕಾದ ಚೌಕಟ್ಟಿನ ಬಗ್ಗೆ ಕೊಟೇಶನ್ನಿನಲ್ಲಿ ಹೆಚ್ಚೆಂದರೆ ಒಂದು ಸಾಲು ಇರುತ್ತದೆ. ನನ್ನ ದೃಷ್ಟಿಯಲ್ಲಿ ಇದು ತಲೆಕೆಳಗಾದ ಕ್ರಮ. ಅಂತರರಾಷ್ಟ್ರೀಯ ಮಾನದಂಡದಂತೆ ಪರೀಕ್ಷೆಗೊಳಗಾದ ಪ್ಯಾನೆಲ್ ತನ್ನ ಹಿಂಬದಿಯಿಂದ ಬರುವ 2400 ಪ್ಯಾಸ್ಕಲ್ ಒತ್ತಡವನ್ನು, ಅಂದರೆ ಚದರ ಮೀಟರಿಗೆ ಸುಮಾರು 245 ಕಿಲೋಗ್ರಾಂ ಭಾರಕ್ಕೆ ಸಮನಾದ ಒತ್ತಡವನ್ನು, ತಡೆದುಕೊಂಡಿರುತ್ತದೆ. ಹೀಗಾಗಿ ಬಿರುಗಾಳಿಯಲ್ಲಿ ಮೊದಲು ಸೋಲುವುದು ಸಾಮಾನ್ಯವಾಗಿ ಕ್ಲ್ಯಾಂಪು, ಬೋಲ್ಟು ಅಥವಾ ತಾರಸಿಗೆ ಊರಿದ ಕಾಲು. ಯಾವ ಕಂಪನಿಯ ಪ್ಯಾನೆಲ್ ಎಂಬುದನ್ನು ತೀರ್ಮಾನಿಸುವ ಮೊದಲು ಅದು ಎಲ್ಲಿ ನಿಲ್ಲುತ್ತದೆ, ಯಾವುದರ ಮೇಲೆ ನಿಲ್ಲುತ್ತದೆ, ಯಾವುದು ಅದನ್ನು ಹಿಡಿದಿಡುತ್ತದೆ ಎಂಬ ಮೂರನ್ನು ತೀರ್ಮಾನಿಸಬೇಕು.

ನೆರಳನ್ನು ಅಳೆಯುವುದು

ಒಂದು ಕಿಲೋವ್ಯಾಟಿಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. 30×40 ನಿವೇಶನದ ಮನೆಯ ತಾರಸಿಯಲ್ಲಿ 300 ಚದರ ಅಡಿ ಸುಲಭವಾಗಿ ಸಿಗುವಂತೆ ತೋರುತ್ತದೆ. ಆದರೆ ನೀರಿನ ಟ್ಯಾಂಕು, ಮೆಟ್ಟಿಲಿನ ಹೆಡ್‌ರೂಮು, ವಾಟರ್ ಹೀಟರು, ಡಿಶ್ ಆಂಟೆನಾ ಮತ್ತು ಬಟ್ಟೆ ಒಣಹಾಕುವ ಕಂಬಗಳ ನೆರಳು ಬೀಳುವ ಜಾಗವನ್ನು ಕಳೆದರೆ ಉಳಿಯುವುದು ಬಹಳ ಕಡಿಮೆ. ಆದ್ದರಿಂದ ಅಳತೆಪಟ್ಟಿ ಹಿಡಿದು ತಾರಸಿಯ ನಕ್ಷೆಯನ್ನು ಕಾಗದದ ಮೇಲೆ ಬರೆದುಕೊಂಡು, ಪ್ರತಿಯೊಂದು ಅಡ್ಡಿಯ ಎತ್ತರವನ್ನೂ ಅದರ ಪಕ್ಕದಲ್ಲೇ ನಮೂದಿಸಿಕೊಳ್ಳುವುದು ಮೊದಲ ಕೆಲಸ.

ನೆರಳು ಅತಿ ಉದ್ದವಾಗಿ ಉತ್ತರದ ಕಡೆಗೆ ಚಾಚುವುದು ಡಿಸೆಂಬರಿನಲ್ಲಿ. ಬೆಂಗಳೂರಿನ ಅಕ್ಷಾಂಶದಲ್ಲಿ ಡಿಸೆಂಬರ್ 21ರ ಆಸುಪಾಸಿನಲ್ಲಿ ಬೆಳಗ್ಗೆ ಒಂಬತ್ತೂಕಾಲರ ಹೊತ್ತಿಗೆ ಸೂರ್ಯ ಸುಮಾರು 33 ಡಿಗ್ರಿ ಎತ್ತರದಲ್ಲಿ ಆಗ್ನೇಯದ ಕಡೆ ಇರುತ್ತಾನೆ. ಆಗ ಯಾವುದೇ ವಸ್ತುವಿನ ನೆರಳು ಅದರ ಎತ್ತರದ ಒಂದೂವರೆ ಪಟ್ಟು ಉದ್ದವಿದ್ದು, ವಾಯವ್ಯಕ್ಕೆ ಓರೆಯಾಗಿ ಬೀಳುತ್ತದೆ. ನೇರ ಉತ್ತರಕ್ಕೆ ಅಳೆದರೆ ಅದು ವಸ್ತುವಿನ ಎತ್ತರದಷ್ಟೇ ದೂರ ತಲುಪುತ್ತದೆ. ಮಧ್ಯಾಹ್ನ ಮೂರೂಕಾಲರ ಹೊತ್ತಿಗೆ ಇದೇ ಲೆಕ್ಕ ಈಶಾನ್ಯದ ಕಡೆಗೆ ಅನ್ವಯಿಸುತ್ತದೆ. ದಿನದ ಉತ್ಪಾದನೆಯ ಬಹುಪಾಲು ಈ ಎರಡು ವೇಳೆಗಳ ನಡುವೆ ಆಗುವುದರಿಂದ ಒಂದು ಸುಲಭವಾದ ನಿಯಮ ದೊರೆಯುತ್ತದೆ: ಹೆಡ್‌ರೂಮಿನ ನೆತ್ತಿ ಪ್ಯಾನೆಲ್ಲಿನ ಕೆಳ ಅಂಚಿಗಿಂತ 2.5 ಮೀಟರ್ ಎತ್ತರವಿದ್ದರೆ, ಪ್ಯಾನೆಲ್ಲನ್ನು ಅದರಿಂದ ಉತ್ತರಕ್ಕೆ ಕನಿಷ್ಠ 2.5 ಮೀಟರ್ ದೂರವಿಡಬೇಕು. ಪ್ಯಾನೆಲ್ಲುಗಳನ್ನು ಒಂದರ ಹಿಂದೆ ಒಂದು ಸಾಲಾಗಿ ಕೂರಿಸುವಾಗಲೂ ಇದನ್ನೇ ಬಳಸಬಹುದು. ಮುಂದಿನ ಸಾಲಿನ ಮೇಲಂಚು ಹಿಂದಿನ ಸಾಲಿನ ಕೆಳಂಚಿಗಿಂತ ಎಷ್ಟು ಎತ್ತರದಲ್ಲಿದೆಯೋ ಅಷ್ಟು ಅಂತರವನ್ನು ಸಾಲುಗಳ ನಡುವೆ ಬಿಡಬೇಕು.

ದಕ್ಷಿಣ ದಿಕ್ಕು ತೆರೆದಿದ್ದರೆ ಸಾಕು ಎಂಬ ನಂಬಿಕೆ ನಮ್ಮಲ್ಲಿ ಪೂರ್ತಿ ನಿಜವಲ್ಲ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುಭಾಗದವರೆಗೆ ಬೆಂಗಳೂರು, ಮಂಗಳೂರುಗಳಲ್ಲಿ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ ಮತ್ತು ಈಶಾನ್ಯದಲ್ಲಿ ಹುಟ್ಟಿ ವಾಯವ್ಯದಲ್ಲಿ ಮುಳುಗುತ್ತಾನೆ. ಈಶಾನ್ಯದಲ್ಲಿ ಸಾಲಾಗಿ ತೆಂಗಿನ ಮರಗಳಿದ್ದರೆ ಆ ತಿಂಗಳುಗಳ ಬೆಳಗಿನ ಬಿಸಿಲು ಕೈತಪ್ಪುತ್ತದೆ. ತೆಂಗಿನ ಮರದ ವಿಷಯದಲ್ಲಿ ನೆರಳಿಗಿಂತ ದೊಡ್ಡ ಚಿಂತೆ ಬೀಳುವ ಗರಿ ಮತ್ತು ಕಾಯಿಗಳದ್ದು. ಮರದ ತಲೆಯ ಕೆಳಗೆ ಪ್ಯಾನೆಲ್ ಬರುವುದಾದರೆ ಆ ಜಾಗವನ್ನೇ ಕೈಬಿಡುವುದು ಒಳ್ಳೆಯದು.

ಕೊಳವೆಯಷ್ಟು ತೆಳುವಾದ ನೆರಳನ್ನೂ ಕಡೆಗಣಿಸಬಾರದು. ಪ್ಯಾನೆಲ್ಲಿನೊಳಗಿನ ಕೋಶಗಳು ಒಂದಕ್ಕೊಂದು ಸರಣಿಯಾಗಿ ಜೋಡಣೆಗೊಂಡಿರುವುದರಿಂದ ಒಂದು ಕೋಶ ಮುಚ್ಚಿದರೆ ಅದರ ಜೊತೆಗಾರ ಕೋಶಗಳ ಉತ್ಪಾದನೆಯೂ ಕುಸಿಯುತ್ತದೆ, ಮುಚ್ಚಿದ ಕೋಶ ಬಿಸಿಯೇರುತ್ತದೆ. ಮುಚ್ಚಿದ ಭಾಗವನ್ನು ಬಳಸಿ ಕರೆಂಟು ಹರಿಯಲು ದಾರಿ ಕೊಡುವ ಬೈಪಾಸ್ ಡಯೋಡುಗಳು ಇದನ್ನು ತಕ್ಕಮಟ್ಟಿಗೆ ತಡೆಯುತ್ತವೆಯಾದರೂ, ಆಂಟೆನಾದ ಕಂಬವನ್ನು ಎರಡು ಮೀಟರ್ ಸರಿಸುವುದು ಅದಕ್ಕಿಂತ ಅಗ್ಗದ ಪರಿಹಾರ. ಪಕ್ಕದ ಖಾಲಿ ನಿವೇಶನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದಕ್ಷಿಣದ ನಿವೇಶನದಲ್ಲಿ ನಾಳೆ ಮೂರು ಅಂತಸ್ತು ಏಳಬಹುದೆಂದು ಭಾವಿಸಿ, ಸಾಧ್ಯವಾದಷ್ಟೂ ತಾರಸಿಯ ಉತ್ತರ ಭಾಗಕ್ಕೆ ಪ್ಯಾನೆಲ್ಲುಗಳನ್ನು ಯೋಜಿಸುವುದು ದೂರದೃಷ್ಟಿ.

ದಿಕ್ಕು ದಕ್ಷಿಣವಾಗಿದ್ದು, ಓರೆ ದಕ್ಷಿಣ ಕರ್ನಾಟಕದಲ್ಲಿ 10ರಿಂದ 15 ಡಿಗ್ರಿ, ಬೀದರ್, ಕಲಬುರಗಿಗಳಲ್ಲಿ 15ರಿಂದ 18 ಡಿಗ್ರಿ ಇದ್ದರೆ ಸಾಕು. 10 ಡಿಗ್ರಿಗಿಂತ ಕಡಿಮೆಯಾದರೆ ಮಳೆನೀರು ಧೂಳನ್ನು ತೊಳೆದುಕೊಂಡು ಹೋಗದೆ ಕೆಳ ಅಂಚಿನಲ್ಲಿ ಕೆಸರಿನ ಪಟ್ಟಿಯಾಗಿ ನಿಲ್ಲುತ್ತದೆ. ಓರೆ ಹೆಚ್ಚಿದಷ್ಟೂ ಗಾಳಿಯ ಹಿಡಿತ ಹೆಚ್ಚುತ್ತದೆ. ದಕ್ಷಿಣಕ್ಕೆ ಜಾಗವಿಲ್ಲದವರು 10 ಡಿಗ್ರಿ ಓರೆಯಲ್ಲಿ ಪೂರ್ವಕ್ಕೋ ಪಶ್ಚಿಮಕ್ಕೋ ಮುಖಮಾಡಿಸಿದರೂ ವಾರ್ಷಿಕ ಉತ್ಪಾದನೆಯಲ್ಲಿ ಆಗುವ ನಷ್ಟ ನೂರಕ್ಕೆ ಐದರ ಆಸುಪಾಸು ಮಾತ್ರ. ದಕ್ಷಿಣವೇ ಬೇಕೆಂಬ ಹಟದಿಂದ ತಾರಸಿಯ ಅಂಚಿನಾಚೆಗೆ ಪ್ಯಾನೆಲ್ ಚಾಚುವಂತೆ ಮಾಡುವುದಕ್ಕಿಂತ ಈ ನಷ್ಟವನ್ನು ಒಪ್ಪಿಕೊಳ್ಳುವುದು ಎಷ್ಟೋ ಮೇಲು.

ಮಾಡು ಎಂಥದ್ದು ಎಂಬ ಪ್ರಶ್ನೆ

ಜನ ಓಡಾಡುವ ಆರ್‌ಸಿಸಿ ತಾರಸಿಯನ್ನು ಭಾರತೀಯ ಮಾನದಂಡದಂತೆ ಚದರ ಮೀಟರಿಗೆ ಸುಮಾರು 150 ಕಿಲೋಗ್ರಾಂ ಭಾರಕ್ಕೆ ವಿನ್ಯಾಸಗೊಳಿಸಿರುತ್ತಾರೆ. ಪ್ಯಾನೆಲ್ ಮತ್ತು ಚೌಕಟ್ಟು ಸೇರಿ ಚದರ ಮೀಟರಿಗೆ 15ರಿಂದ 25 ಕಿಲೋಗ್ರಾಂ ಬರುವುದರಿಂದ, ಗಟ್ಟಿಯಾಗಿರುವ ತಾರಸಿಗೆ ಒಟ್ಟು ಭಾರ ಸಮಸ್ಯೆಯಾಗುವುದಿಲ್ಲ. ಭಾರವೆಲ್ಲ ಚೌಕಟ್ಟಿನ ನಾಲ್ಕಾರು ಕಾಲುಗಳ ಮೂಲಕ ಕೆಲವೇ ಬಿಂದುಗಳಿಗೆ ಇಳಿಯುತ್ತದೆ ಎಂಬುದು ನಿಜವಾದ ಸಮಸ್ಯೆ. ಆ ಕಾಲುಗಳು ಸ್ಲ್ಯಾಬಿನ ನಡುಭಾಗದಲ್ಲಿ ನಿಲ್ಲದೆ, ಕೆಳಗಿರುವ ಬೀಮಿನ ಅಥವಾ ಗೋಡೆಯ ನೇರಕ್ಕೆ ಬರುವಂತೆ ನೋಡಿಕೊಳ್ಳಬೇಕು. ಒಳಗಿನ ಕೋಣೆಗಳ ಅಳತೆಯನ್ನು ತಾರಸಿಯ ನಕ್ಷೆಯ ಮೇಲೆ ಬರೆದುಕೊಂಡರೆ ಬೀಮುಗಳ ಜಾಡು ಸಿಗುತ್ತದೆ. ಸ್ಲ್ಯಾಬಿನ ತಳದಲ್ಲಿ ಕಾಂಕ್ರೀಟ್ ಉದುರಿ ಕಂಬಿ ಕಾಣುತ್ತಿದ್ದರೆ ಅಥವಾ ಮಳೆಗಾಲದಲ್ಲಿ ಸೋರುತ್ತಿದ್ದರೆ ಮೊದಲು ಅದರ ದುರಸ್ತಿ, ಆಮೇಲೆ ಸೋಲಾರ್. ಪ್ಯಾನೆಲ್ ಕೂರಿಸಿದ ಮೇಲೆ ಸೋರಿಕೆ ಸರಿಪಡಿಸಬೇಕಾದರೆ ಎಲ್ಲವನ್ನೂ ಬಿಚ್ಚಿ ಮತ್ತೆ ಜೋಡಿಸುವ ಖರ್ಚು ತಲೆಗೆ ಬರುತ್ತದೆ.

ಎಲ್ಲ ಮನೆಗಳಿಗೂ ಆರ್‌ಸಿಸಿ ತಾರಸಿಯಿಲ್ಲ. ಕೋಲಾರ, ತುಮಕೂರು ಸೀಮೆಯ ಕಲ್ಲು ಚಪ್ಪಡಿಯ ಮಾಡು, ಹಳೆಯ ಮೈಸೂರಿನ ಮನೆಗಳ ಮದ್ರಾಸ್ ಟೆರೇಸು (ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ಮಾಡು), ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ — ಈ ಮೂರಕ್ಕೂ ಡ್ರಿಲ್ ಹಾಕಲೇಬಾರದು. ಚಪ್ಪಡಿ ಸೀಳುತ್ತದೆ, ಸುಣ್ಣದ ಗಾರೆಯಲ್ಲಿ ಬೋಲ್ಟಿಗೆ ಹಿಡಿತ ಸಿಗುವುದಿಲ್ಲ, ಮಣ್ಣಿನ ಮಾಳಿಗೆಯ ಒಳಗೆ ನೀರಿಳಿದರೆ ತೊಲೆಗಳೇ ಕೊಳೆಯುತ್ತವೆ. ಇಂಥ ಮನೆಗಳಲ್ಲಿ ಭಾರ ನೇರವಾಗಿ ಗೋಡೆಗೆ ಇಳಿಯುವಂಥ ಚೌಕಟ್ಟನ್ನು ಸ್ಟ್ರಕ್ಚರಲ್ ಎಂಜಿನಿಯರಿಂದ ಬರೆಸಿಕೊಳ್ಳಬೇಕು, ಇಲ್ಲವೇ ಹಿತ್ತಿಲಲ್ಲಿ ನೆಲದಿಂದಲೇ ಕಂಬ ಎಬ್ಬಿಸಬೇಕು.

ಕರಾವಳಿ ಮತ್ತು ಮಲೆನಾಡಿನ ಮಂಗಳೂರು ಹೆಂಚಿನ ಮಾಡಿನಲ್ಲಿ ಹೆಂಚು ಏನನ್ನೂ ಹೊರುವಂತಿಲ್ಲ. ಹೆಂಚನ್ನು ಸರಿಸಿ, ಅದರಡಿಯ ಪಕ್ಕಾಸಿಗೆ (ಮಾಡಿನ ಓರೆ ತೊಲೆಗೆ) ಕೊಕ್ಕೆಯನ್ನು ಸ್ಕ್ರೂ ಹಾಕಿ ಬಿಗಿದು, ಕೊಕ್ಕೆಯ ಕುತ್ತಿಗೆ ಹೆಂಚಿಗೆ ತಾಗದಂತೆ ಹೊರತಂದು, ಅದರ ಮೇಲೆ ಪ್ಯಾನೆಲ್ ಕೂರುವ ಹಳಿಗಳನ್ನು ಜೋಡಿಸಬೇಕು. ಹೆಂಚು ಕೂರುವ ತೆಳು ಪಟ್ಟಿಯಾದ ರೀಪಿಗೆ ಬಿಗಿದರೆ ಅದು ಗಾಳಿಯ ಎಳೆತಕ್ಕೆ ಕಿತ್ತುಬರುತ್ತದೆ. ಪಕ್ಕಾಸಿಗೆ ಗೆದ್ದಲು ಹಿಡಿದಿದೆಯೇ ಎಂದು ಮೊನಚಾದ ಉಳಿಯಿಂದ ಚುಚ್ಚಿ ನೋಡದೆ ಮುಂದುವರಿಯಬಾರದು. ತಗಡಿನ ಮಾಡಿನಲ್ಲೂ ಇದೇ ತತ್ವ: ಹಿಡಿತ ತಗಡಿಗಲ್ಲ, ಅದರಡಿಯ ಪರ್ಲಿನ್ನಿಗೆ (ತಗಡನ್ನು ಹೊತ್ತ ಅಡ್ಡ ತೊಲೆಗೆ) ಇರಬೇಕು. ಆಸ್ಬೆಸ್ಟಾಸ್ ಸಿಮೆಂಟ್ ಶೀಟಿನ ಮೇಲೆ ಮಾತ್ರ ಯಾವ ಕೆಲಸವೂ ಬೇಡ. ಅದು ಕಾಲಡಿಯಲ್ಲಿ ಒಡೆದು ಆಳು ಕೆಳಗೆ ಬೀಳಬಹುದು, ಕೊರೆದಾಗ ಏಳುವ ಧೂಳು ಶ್ವಾಸಕೋಶಕ್ಕೆ ವಿಷ.

ಗಾಳಿಯ ಲೆಕ್ಕ

ಈ ಬರಹದಲ್ಲಿ ಒಂದೇ ಭಾಗವನ್ನು ಓದುವ ವ್ಯವಧಾನ ಇರುವವರು ಇದನ್ನು ಓದಲಿ. ಭಾರತೀಯ ಮಾನದಂಡ 875ರ ಮೂರನೆಯ ಭಾಗ ಕಟ್ಟಡಗಳ ವಿನ್ಯಾಸಕ್ಕೆ ಮೂಲ ಗಾಳಿವೇಗವನ್ನು ಊರುವಾರು ಕೊಡುತ್ತದೆ: ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್. ಗಂಟೆಯ ಲೆಕ್ಕದಲ್ಲಿ ಇವು ಸುಮಾರು 119 ಮತ್ತು 140 ಕಿಲೋಮೀಟರ್. ಸೆಕೆಂಡಿನ ಲೆಕ್ಕದ ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಒತ್ತಡ ಪ್ಯಾಸ್ಕಲ್ಲಿನಲ್ಲಿ ಸಿಗುತ್ತದೆ. ಬೆಂಗಳೂರಿಗೆ ಸುಮಾರು 650, ಮಂಗಳೂರಿಗೆ ಸುಮಾರು 910. ಇಂದು ಹೆಚ್ಚಾಗಿ ಬಳಕೆಯಲ್ಲಿರುವ 540 ವ್ಯಾಟಿನ ಪ್ಯಾನೆಲ್ಲಿನ ವಿಸ್ತೀರ್ಣ ಸುಮಾರು 2.6 ಚದರ ಮೀಟರ್, ತೂಕ ಸುಮಾರು 30 ಕಿಲೋಗ್ರಾಂ. ಗಾಳಿ ಅಡಿಯಿಂದ ನುಗ್ಗಿದಾಗ ಅದೇ ಪ್ಯಾನೆಲ್ಲನ್ನು ಬೆಂಗಳೂರಿನಲ್ಲಿ 170 ಕಿಲೋಗ್ರಾಂ, ಮಂಗಳೂರಿನಲ್ಲಿ 240 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲ ಮೇಲಕ್ಕೆತ್ತಬಹುದು. ಇದು ಸ್ಥೂಲ ಲೆಕ್ಕ. ಕಟ್ಟಡದ ಎತ್ತರ, ಸುತ್ತಲಿನ ಬಯಲು, ಪ್ಯಾನೆಲ್ಲಿನ ಓರೆ, ತಾರಸಿಯ ಮೇಲಿನ ಸ್ಥಾನ ಇವೆಲ್ಲವೂ ಅದನ್ನು ಹೆಚ್ಚು ಕಡಿಮೆ ಮಾಡುತ್ತವೆ.

ಈಗ 3 ಕಿಲೋವ್ಯಾಟಿನ ಆರು ಪ್ಯಾನೆಲ್ಲುಗಳನ್ನು ತೆಗೆದುಕೊಳ್ಳೋಣ. ಬೆಂಗಳೂರಿನ ಲೆಕ್ಕದಲ್ಲಿ ಎತ್ತುವ ಬಲ ಒಟ್ಟು ಒಂದು ಟನ್ನಿನಷ್ಟು. ಪ್ಯಾನೆಲ್ ಮತ್ತು ಕಬ್ಬಿಣ ಸೇರಿದ ತೂಕ 300 ಕಿಲೋಗ್ರಾಂ ಎಂದುಕೊಂಡರೂ ಉಳಿದ 700 ಕಿಲೋಗ್ರಾಂ ಬಲವನ್ನು ತಡೆಯಬೇಕಾದದ್ದು ಬುನಾದಿ. ಒಂದು ಅಡಿ ಉದ್ದ, ಅಗಲ, ಎತ್ತರದ ಕಾಂಕ್ರೀಟ್ ದಿಮ್ಮಿಯ ತೂಕ ಸುಮಾರು 65 ಕಿಲೋಗ್ರಾಂ ಮಾತ್ರ. ಆರು ಕಾಲಿಗೆ ಆರು ದಿಮ್ಮಿ ಇಟ್ಟರೂ ಅದು 390 ಕಿಲೋಗ್ರಾಂ ದಾಟುವುದಿಲ್ಲ. ತಾರಸಿಗೆ ಯಾವ ಕೊಂಡಿಯೂ ಇಲ್ಲದೆ ಸುಮ್ಮನೆ ಇಟ್ಟ ದಿಮ್ಮಿಗಳನ್ನು ನಂಬಿ ಪ್ಯಾನೆಲ್ ನಿಲ್ಲಿಸಲು ಹೊರಟವರ ಮುಂದೆ ಈ ಲೆಕ್ಕವನ್ನು ಇಡಬೇಕು. ಅಶ್ವಿನಿ, ಭರಣಿ ಮಳೆಗಳ ಜೊತೆ ಸಂಜೆ ಏಕಾಏಕಿ ಏಳುವ ಬಿರುಗಾಳಿ ಅರ್ಧ ಗಂಟೆಯಲ್ಲಿ ಮುಗಿಯಬಹುದು. ಆದರೆ ಹಾರಿದ ಪ್ಯಾನೆಲ್ ಬೀಳುವುದು ಪಕ್ಕದ ಮನೆಯವರ ಅಂಗಳಕ್ಕೋ, ರಸ್ತೆಯಲ್ಲಿ ಹೋಗುವವರ ಮೇಲೋ. ಆ ಹೊಣೆ ಮನೆಯ ಯಜಮಾನರದ್ದೇ.

ತಾರಸಿಯ ಅಂಚು ಮತ್ತು ಮೂಲೆಗಳಲ್ಲಿ ಗಾಳಿಯ ಎಳೆತ ನಡುಭಾಗಕ್ಕಿಂತ ಗಮನಾರ್ಹವಾಗಿ ಹೆಚ್ಚು. ಪ್ಯಾರಾಪೆಟ್ಟಿನಿಂದ ಕನಿಷ್ಠ ಒಂದು ಮೀಟರ್ ಒಳಗೆ ಪ್ಯಾನೆಲ್ ಇರಬೇಕೆಂಬುದು ನನ್ನ ಸಲಹೆ. ತೊಳೆಯಲು, ದುರಸ್ತಿ ಮಾಡಲು ಓಡಾಡುವ ದಾರಿಯೂ ಅದೇ ಆಗುತ್ತದೆ. ಟ್ಯಾಂಕಿನ ಬಳಿಗೆ ಹೋಗುವ ಜಾಗವನ್ನೂ ಮೆಟ್ಟಿಲಿನ ಬಾಗಿಲನ್ನೂ ಪ್ಯಾನೆಲ್ಲುಗಳು ಅಡ್ಡಗಟ್ಟಬಾರದು.

ಹಪ್ಪಳ, ಸಂಡಿಗೆ, ಬಟ್ಟೆ ಒಣಗಿಸಲು ತಾರಸಿ ಬೇಕೆಂದು ಹಲವರು ಪ್ಯಾನೆಲ್ಲುಗಳನ್ನು ಎಂಟು ಹತ್ತು ಅಡಿ ಎತ್ತರಕ್ಕೆ ಏರಿಸುತ್ತಾರೆ. ಅದು ನ್ಯಾಯವಾದ ಅಗತ್ಯವೇ. ಆದರೆ ಆಗ ಅದು ಸ್ಟ್ಯಾಂಡ್ ಆಗಿ ಉಳಿಯದೆ ತಾರಸಿಯ ಮೇಲೆ ಕಟ್ಟಿದ ಇನ್ನೊಂದು ಚಪ್ಪರವಾಗುತ್ತದೆ. ಗಾಳಿ ಮೇಲಿನ ತುದಿಯನ್ನು ತಳ್ಳಿದಾಗ ಕಂಬದ ಬುಡದಲ್ಲಿ ಬಾಗಿಸುವ ಬಲ ಎತ್ತರದ ಪ್ರಮಾಣದಲ್ಲೇ ಬೆಳೆಯುತ್ತದೆ. ಆದ್ದರಿಂದ ದಪ್ಪ ಕಂಬ, ನಾಲ್ಕು ಬೋಲ್ಟಿನ ತಳಫಲಕ, ಎರಡೂ ದಿಕ್ಕಿನಲ್ಲಿ ಓರೆ ಆಧಾರ ಮತ್ತು ಎಂಜಿನಿಯರ್ ಸಹಿ ಮಾಡಿದ ನಕ್ಷೆ ಇಲ್ಲದೆ ಎತ್ತರದ ಚೌಕಟ್ಟಿಗೆ ಒಪ್ಪಿಕೊಳ್ಳಬಾರದು. ಎತ್ತರಕ್ಕೆ ಹೋಗುವ ಆಸೆಯಿದ್ದರೆ ಕಬ್ಬಿಣಕ್ಕೂ ಹಣ ತೆಗೆದಿಡಬೇಕು. ಇಲ್ಲವಾದರೆ ತಗ್ಗಿನಲ್ಲೇ ಕೂರಿಸುವುದು ಕ್ಷೇಮ.

ಊರುವುದು, ಬಿಗಿಯುವುದು

ಬುನಾದಿಯ ಕಟ್ಟೆ ಕಟ್ಟುವ ಜಾಗದಲ್ಲಿ ತಾರಸಿಯ ಮೇಲಿನ ಗಾರೆಯ ಪದರವನ್ನು ಕಿತ್ತು, ಸ್ಲ್ಯಾಬಿನ ಕಾಂಕ್ರೀಟನ್ನೇ ಮುಟ್ಟಬೇಕು. ಅಲ್ಲಿ ರಂಧ್ರ ಕೊರೆದು, ಧೂಳನ್ನು ಊದಿ ಸ್ವಚ್ಛಗೊಳಿಸಿ, ರಾಸಾಯನಿಕ ಅಂಟಿನಿಂದ ಕಂಬಿಗಳನ್ನು ಕೂರಿಸಿ, ಅವುಗಳ ಸುತ್ತ ಕಾಂಕ್ರೀಟ್ ಹಾಕಿದರೆ ಕಟ್ಟೆ ಮತ್ತು ಸ್ಲ್ಯಾಬು ಒಂದಾಗುತ್ತವೆ. ರಂಧ್ರದ ಧೂಳು ತೆಗೆಯದಿದ್ದರೆ ಎಷ್ಟು ಒಳ್ಳೆಯ ಅಂಟೂ ಧೂಳಿಗೆ ಅಂಟಿಕೊಳ್ಳುತ್ತದೆಯೇ ಹೊರತು ಕಾಂಕ್ರೀಟಿಗಲ್ಲ. ಈ ಹಂತದಲ್ಲಿ ಮನೆಯವರೊಬ್ಬರು ಎದುರಿಗೆ ನಿಂತು ನೋಡುವುದು ಒಳ್ಳೆಯದು. ಕಟ್ಟೆಗೆ ಕನಿಷ್ಠ ಏಳು ದಿನ ನೀರುಣಿಸಬೇಕು. ಇವತ್ತು ಕಟ್ಟೆ, ನಾಳೆ ಪ್ಯಾನೆಲ್ ಎನ್ನುವ ಅವಸರಕ್ಕೆ ಒಪ್ಪಬಾರದು. ಕಿತ್ತ ಜಾಗದ ಸುತ್ತ ವಾಟರ್‌ಪ್ರೂಫಿಂಗ್ ಮತ್ತೆ ಮಾಡಿಸಿ, ಮಳೆನೀರು ಕೊಳವೆಯ ಕಡೆಗೆ ಹರಿಯುವ ದಾರಿಗೆ ಕಟ್ಟೆ ಅಡ್ಡ ಬಂದಿಲ್ಲವೆಂದು ಒಂದು ಬಕೆಟ್ ನೀರು ಸುರಿದು ಖಚಿತಪಡಿಸಿಕೊಳ್ಳಬೇಕು.

ಚೌಕಟ್ಟಿಗೆ ಬಿಸಿ ಸತುವಿನಲ್ಲಿ ಅದ್ದಿ ತೆಗೆದ ಉಕ್ಕು ಬೇಕು; ಸತುವಿನ ಪದರ 80 ಮೈಕ್ರಾನ್ ಇರಲಿ ಎಂದು ಕೊಟೇಶನ್ನಿನಲ್ಲೇ ಬರೆಸಿಕೊಳ್ಳಬಹುದು. ತಾರಸಿಯ ಮೇಲೆ ಕತ್ತರಿಸಿದರೆ, ವೆಲ್ಡ್ ಮಾಡಿದರೆ ಆ ಜಾಗದ ಸತು ಸುಟ್ಟುಹೋಗಿ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಹಾಗಾಗಿ ಬೋಲ್ಟಿನಿಂದ ಜೋಡಿಸುವ ಚೌಕಟ್ಟು ಮೇಲು, ಅನಿವಾರ್ಯವಾಗಿ ಕತ್ತರಿಸಿದ ತುದಿಗಳಿಗೆ ಸತುವಿನ ಬಣ್ಣ ಬಳಿಯಲೇಬೇಕು. ಉಡುಪಿ, ಕಾರವಾರಗಳಂಥ ಕಡಲತೀರದ ಊರುಗಳಲ್ಲಿ ಉಪ್ಪುಗಾಳಿಯ ಕಾರಣ ಅಲ್ಯೂಮಿನಿಯಂ ಹಳಿಗಳೂ 316 ದರ್ಜೆಯ ಸ್ಟೇನ್‌ಲೆಸ್ ಬೋಲ್ಟುಗಳೂ ಬಾಳಿಕೆ ಬರುತ್ತವೆ. ಒಳನಾಡಿಗೆ 304 ದರ್ಜೆ ಸಾಕು. ಅಲ್ಯೂಮಿನಿಯಂ ಮತ್ತು ಉಕ್ಕು ನೇರವಾಗಿ ತಾಗುವಲ್ಲಿ ರಬ್ಬರಿನ ಅಥವಾ ನೈಲಾನಿನ ಬಿಲ್ಲೆ ಹಾಕದಿದ್ದರೆ ತೇವದಲ್ಲಿ ಅಲ್ಯೂಮಿನಿಯಂ ಸವೆಯುತ್ತದೆ.

ಪ್ಯಾನೆಲ್ಲಿನ ಅಂಚಿನಲ್ಲಿ ಎಲ್ಲೆಂದರಲ್ಲಿ ಕ್ಲ್ಯಾಂಪು ಹಾಕುವಂತಿಲ್ಲ. ಯಾವ ಭಾಗದಲ್ಲಿ ಹಿಡಿಯಬೇಕು, ಬೋಲ್ಟನ್ನು ಎಷ್ಟು ಬಿಗಿಯಬೇಕು ಎಂಬುದು ಅದರ ಕೈಪಿಡಿಯಲ್ಲಿ ಚಿತ್ರಸಹಿತ ಇರುತ್ತದೆ. ಮೊದಲು ಹೇಳಿದ 2400 ಪ್ಯಾಸ್ಕಲ್ ತಾಳಿಕೆ ಆ ಜಾಗಗಳಲ್ಲಿ ಹಿಡಿದಾಗ ಮಾತ್ರ ಅನ್ವಯಿಸುತ್ತದೆ. ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ಸ್ಪ್ಯಾನರಿನಿಂದಲೇ ಅಳೆಯಬೇಕು, ಏಕೆಂದರೆ ಕಡಿಮೆಯಾದರೆ ಪ್ಯಾನೆಲ್ ಜಾರುತ್ತದೆ, ಹೆಚ್ಚಾದರೆ ಅಂಚು ಸೊಟ್ಟಗಾಗಿ ಗಾಜಿನ ಮೇಲೆ ಒತ್ತಡ ಬೀಳುತ್ತದೆ. ಎರಡು ಪ್ಯಾನೆಲ್ಲುಗಳ ನಡುವೆ ಸುಮಾರು 20 ಮಿಲಿಮೀಟರ್ ಸಂದು ಬಿಡಬೇಕು. ಹೆಂಚಿನ, ತಗಡಿನ ಮಾಡಿಗೆ ಸಮಾನಾಂತರವಾಗಿ ಕೂರಿಸುವಾಗ ಅಡಿಯಲ್ಲಿ ಕನಿಷ್ಠ 10ರಿಂದ 15 ಸೆಂಟಿಮೀಟರ್ ಗಾಳಿಯಾಡುವ ಜಾಗವಿರಲಿ; ಪ್ಯಾನೆಲ್ಲಿನ ಶಾಖ ಒಂದು ಡಿಗ್ರಿ ಏರಿದರೆ ಉತ್ಪಾದನೆ ನೂರಕ್ಕೆ 0.3ರಿಂದ 0.4ರಷ್ಟು ಇಳಿಯುತ್ತದೆ, ರಾಯಚೂರಿನ ಬೇಸಿಗೆಯಲ್ಲಿ ಈ ಇಳಿಕೆ ಸಣ್ಣದಲ್ಲ. ಅಂಚಿನ ಚೌಕಟ್ಟಿಗೆ ಹೊಸ ರಂಧ್ರ ಕೊರೆಯುವುದಾಗಲಿ, ಜೋಡಿಸುವಾಗ ಗಾಜಿನ ಮೇಲೆ ಕಾಲಿಡುವುದಾಗಲಿ ಕೂಡದು. ಮೇಲ್ನೋಟಕ್ಕೆ ಏನೂ ಆಗದಂತೆ ಕಂಡರೂ ಒಳಗಿನ ಕೋಶಗಳಲ್ಲಿ ಕೂದಲೆಳೆಯ ಬಿರುಕುಗಳು ಬಿಡುತ್ತವೆ.

ಕರೆಂಟು ಮತ್ತು ಎತ್ತರ

ತಾರಸಿಯ ಪಕ್ಕದಲ್ಲಿ ಹಾದುಹೋಗುವ ವಿದ್ಯುತ್ ತಂತಿ ಈ ಕೆಲಸದ ಅತಿ ದೊಡ್ಡ ಅಪಾಯ. ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮದಂತೆ ಮನೆಗಳಿಗೆ ಬರುವ ಕಡಿಮೆ ವೋಲ್ಟೇಜಿನ ತೆರೆದ ತಂತಿ ಕಟ್ಟಡದಿಂದ ಮೇಲ್ಮುಖವಾಗಿ 2.5 ಮೀಟರ್, ಪಕ್ಕಕ್ಕೆ 1.2 ಮೀಟರ್ ದೂರವಿರಬೇಕು. 11 ಕಿಲೋವೋಲ್ಟ್ ತಂತಿಗೆ ಮೇಲ್ಮುಖವಾಗಿ 3.7 ಮೀಟರ್, ಪಕ್ಕಕ್ಕೆ 1.2 ಮೀಟರ್. ಪ್ಯಾನೆಲ್ ಏರಿಸಿದ ಮೇಲೆ ಈ ಅಂತರವನ್ನು ಪ್ಯಾನೆಲ್ಲಿನ ತುದಿಯಿಂದ ಅಳೆಯಬೇಕು. ಅದಕ್ಕೂ ಮೊದಲು, ನಾಲ್ಕು ಮೀಟರ್ ಉದ್ದದ ಅಲ್ಯೂಮಿನಿಯಂ ಹಳಿಯನ್ನು ಹಗ್ಗ ಕಟ್ಟಿ ಮೇಲೆಳೆಯುವಾಗ ಅದು ತಿರುಗಿ ತಂತಿಗೆ ತಾಗಬಹುದು. ತಂತಿ ಇರುವ ಬದಿಯಿಂದ ಸಾಮಾನು ಏರಿಸಲೇಬಾರದು. ಬೇರೆ ದಾರಿಯಿಲ್ಲದಿದ್ದರೆ ವಿದ್ಯುತ್ ಕಂಪನಿಗೆ ಅರ್ಜಿ ಕೊಟ್ಟು, ಲೈನ್ ಆಫ್ ಆಗಿದೆಯೆಂದು ಲೈನ್‌ಮ್ಯಾನ್ ಖಚಿತಪಡಿಸಿದ ಮೇಲೆಯೇ ಕೆಲಸ ಆರಂಭಿಸಬೇಕು.

ಪ್ಯಾನೆಲ್ಲಿಗೆ ಸ್ವಿಚ್ ಇಲ್ಲ. ಬಿಸಿಲು ಬಿದ್ದ ಕ್ಷಣದಿಂದ ಅದರ ತಂತಿಯಲ್ಲಿ ಸುಮಾರು 50 ವೋಲ್ಟ್ ಇರುತ್ತದೆ; ಆರನ್ನು ಸರಣಿಯಾಗಿ ಜೋಡಿಸಿದರೆ ಅದು 300 ವೋಲ್ಟ್ ಡಿ.ಸಿ. (ಒಂದೇ ದಿಕ್ಕಿಗೆ ಹರಿಯುವ ಕರೆಂಟು). ಇಂಥ ಸಂಪರ್ಕವನ್ನು ಕರೆಂಟು ಹರಿಯುತ್ತಿರುವಾಗ ಎಳೆದು ಬಿಡಿಸಿದರೆ ಹೊತ್ತುವ ಕಿಡಿ ತಾನಾಗಿ ಆರುವುದಿಲ್ಲ. ಮೊದಲು ಇನ್ವರ್ಟರ್, ಆಮೇಲೆ ಪ್ಯಾನೆಲ್ಲುಗಳಿಂದ ಬರುವ ಸಂಪರ್ಕ ಕಡಿಯುವ ಡಿ.ಸಿ. ಐಸೊಲೇಟರ್ ಆಫ್ ಮಾಡಿ, ಆನಂತರವೇ ಕನೆಕ್ಟರಿಗೆ ಕೈಹಾಕಬೇಕು. ಬೇರೆ ಬೇರೆ ಕಂಪನಿಯ ಕನೆಕ್ಟರುಗಳನ್ನು ಒಂದಕ್ಕೊಂದು ಸಿಕ್ಕಿಸುವುದು ತಾರಸಿಯ ಬೆಂಕಿ ಅನಾಹುತಗಳಿಗೆ ತಿಳಿದಿರುವ ಒಂದು ಕಾರಣ. ತಂತಿಗಳು ನೆಲಕ್ಕೆ ತಾಗದಂತೆ ಹಳಿಗೆ ಕಟ್ಟಿ, ಉಳಿದ ದಾರಿಯಲ್ಲಿ ಪೈಪಿನೊಳಗೆ ಸಾಗಿಸಬೇಕು. ಮಂಗಗಳ ಕಾಟವಿರುವ ಮಲೆನಾಡಿನಲ್ಲಿ ಜೋತಾಡುವ ತಂತಿ ಒಂದು ವಾರವೂ ಉಳಿಯುವುದಿಲ್ಲ. ಪ್ಯಾನೆಲ್ಲಿನ ಅಂಚು, ಹಳಿ, ಕಂಬ ಎಲ್ಲವೂ ಅರ್ಥಿಂಗಿಗೆ ಸೇರಿರಬೇಕು. ಅರ್ಥ್ ಗುಂಡಿಯ ರೋಧವನ್ನು ಉಪಕರಣದಿಂದ ಅಳೆದು, 5 ಓಮಿಗಿಂತ ಕಡಿಮೆ ಇದೆಯೆಂಬುದನ್ನು ನಿಮ್ಮೆದುರಿಗೇ ತೋರಿಸುವಂತೆ ಕೇಳಬೇಕು.

ಕೆಲಸಗಾರರಿಗೆ ಹಾರ್ನೆಸ್ (ಬೀಳದಂತೆ ಹಿಡಿದಿಡುವ ಸುರಕ್ಷತಾ ಪಟ್ಟಿ) ತರುವುದು ಗುತ್ತಿಗೆದಾರರ ಹೊಣೆ. ಅದನ್ನು ಹಾಕಿಕೊಳ್ಳದೆ ಪ್ಯಾರಾಪೆಟ್ ಇಲ್ಲದ ತಾರಸಿಯ ಅಂಚಿಗೋ, ಇಳಿಜಾರು ಮಾಡಿಗೋ ಯಾರೂ ಹೋಗದಂತೆ ತಡೆಯುವುದು ಮನೆಯವರ ಹೊಣೆಯೂ ಹೌದು. ಪ್ಯಾನೆಲ್ಲನ್ನು ಯಾವಾಗಲೂ ಇಬ್ಬರು ಹಿಡಿಯಬೇಕು, ಗಾಳಿ ಜೋರಾದರೆ ಕೆಲಸ ನಿಲ್ಲಬೇಕು. ಮಳೆ ಬಂದು ನೆನೆದ ಹೆಂಚಿನ ಮೇಲೆ ಅಂದು ಯಾರೂ ಹತ್ತಬಾರದು.

ಕೆಲಸ ಮುಗಿದ ದಿನ ಬಿಗಿದ ಪ್ರತಿ ಬೋಲ್ಟಿನ ಮೇಲೂ ನಟ್ಟಿನಿಂದ ಹಳಿಯವರೆಗೆ ಬಣ್ಣದಲ್ಲಿ ಒಂದು ಗೆರೆ ಎಳೆಸಿಕೊಳ್ಳಿ. ನಟ್ಟು ಸ್ವಲ್ಪ ಸಡಿಲಿಸಿದರೂ ಗೆರೆ ಮುರಿದು ಕಾಣುತ್ತದೆ. ಪ್ರತಿ ವರ್ಷ ಮಾರ್ಚಿನಲ್ಲಿ, ಬೇಸಿಗೆಯ ಬಿರುಗಾಳಿಗಳು ಶುರುವಾಗುವ ಮೊದಲು, ಈ ಗೆರೆಗಳನ್ನೂ ಕಟ್ಟೆಯ ಬುಡದ ಬಿರುಕುಗಳನ್ನೂ ತುಕ್ಕಿನ ಕಲೆಗಳನ್ನೂ ಒಮ್ಮೆ ನೋಡಿ, ಸಡಿಲಾದದ್ದನ್ನು ಬಿಗಿಸಬೇಕು. ಪ್ಯಾನೆಲ್ ತೊಳೆಯುವುದು ಬೆಳಗ್ಗೆ ಗಾಜು ಕಾಯುವ ಮೊದಲೇ ಆಗಬೇಕು, ಮೃದುವಾದ ಬಟ್ಟೆ ಮತ್ತು ಬರಿಯ ನೀರಿನಿಂದ.